ಮನೆಗೆ ಇನ್ನೊಂದು ಕೋಣೆ: ಕೈ ಹಾಕುವ ಕಾಲ ಯಾವುದು?

ಇರುವ ಮನೆಗೆ ಒಂದು ಕೋಣೆ ಸೇರಿಸಬೇಕು, ಇಲ್ಲವೇ ಮೇಲೊಂದು ಅಂತಸ್ತು ಏರಿಸಬೇಕು ಎಂದು ಹೊರಟವರು ಮೊದಲು ಕೇಳುವುದು ಎರಡೇ ಪ್ರಶ್ನೆ. ಎಷ್ಟು ಖರ್ಚಾದೀತು, ಯಾವಾಗ ಶುರು ಮಾಡೋಣ? ಖರ್ಚಿನ ವಿಷಯದಲ್ಲಿ ನಾಲ್ಕು ಕಡೆ ವಿಚಾರಿಸುತ್ತಾರೆ, ಲೆಕ್ಕ ಹಾಕುತ್ತಾರೆ, ಚೌಕಾಸಿ ಮಾಡುತ್ತಾರೆ. ಯಾವಾಗ ಎಂಬುದಕ್ಕೆ ಮಾತ್ರ ಒಂದು ಒಳ್ಳೆಯ ದಿನ ಗೊತ್ತುಮಾಡಿ ಗುದ್ದಲಿ ಪೂಜೆ ಮುಗಿಸಿದರೆ ಆಯಿತು ಎಂದುಕೊಳ್ಳುತ್ತಾರೆ. ಈ ಕೆಲಸಕ್ಕೆ ಹೊಸಬರಾದ ನಿಮಗೆ ನಾನು ಹೇಳಬೇಕಾದ ಮುಖ್ಯ ಮಾತು ಇಲ್ಲೇ ಇದೆ. ಶುರು ಮಾಡುವ ದಿನದಿಂದ ಯೋಚನೆ ಆರಂಭಿಸಬೇಡಿ. ನಿಮ್ಮ ಹಳೇ ಮನೆ ಯಾವ ವಾರಗಳಲ್ಲಿ ಮಳೆಗಾಳಿಗೆ ಬಾಯ್ದೆರೆದು ನಿಂತಿರುತ್ತದೆ ಎಂದು ಮೊದಲು ಗುರುತಿಸಿ. ಆ ವಾರಗಳನ್ನು ವರ್ಷದ ಅತ್ಯಂತ ಒಣ ದಿನಗಳಲ್ಲಿ ಕೂರಿಸಿ. ಆಮೇಲೆ ಅಲ್ಲಿಂದ ಹಿಂದಕ್ಕೆ ಎಣಿಸುತ್ತ ಬನ್ನಿ. ಗುದ್ದಲಿ ಪೂಜೆಯ ತಿಂಗಳು ತಾನಾಗಿ ಸಿಗುತ್ತದೆ.

ಖಾಲಿ ನಿವೇಶನದಲ್ಲಿ ಮನೆ ಕಟ್ಟಿಸುವವರಿಗೆ ಮಳೆ ಬಂದರೆ ಕೆಲಸ ನಾಲ್ಕು ದಿನ ನಿಲ್ಲುತ್ತದೆ, ಅಷ್ಟೇ. ಇರುವ ಮನೆಗೆ ಸೇರಿಸಿ ಕಟ್ಟುವವರ ಪಾಡು ಬೇರೆ. ನೀವು ಅದೇ ಮನೆಯಲ್ಲಿ ಅಡುಗೆ ಮಾಡಿಕೊಂಡು, ಮಕ್ಕಳನ್ನು ಶಾಲೆಗೆ ಕಳಿಸಿಕೊಂಡು ಇರುತ್ತೀರಿ. ಪಕ್ಕದಲ್ಲಿ ಹಳೇ ಪಾಯಕ್ಕೆ ಒತ್ತಿಕೊಂಡೇ ಹೊಸ ಪಾಯದ ಗುಂಡಿ ತೆಗೆದಿರುತ್ತಾರೆ. ಒಂದು ರಾತ್ರಿ ಜೋರು ಮಳೆ ಬಂದು ಆ ಗುಂಡಿ ತುಂಬಿದರೆ, ನೀರು ಹೊಸ ಕೆಲಸವನ್ನು ಕೆಡಿಸುವುದಷ್ಟೇ ಅಲ್ಲ, ಹಳೇ ಪಾಯದ ಅಡಿಯ ಮಣ್ಣನ್ನೂ ಮೆತ್ತಗೆ ಮಾಡುತ್ತದೆ. ಬೆಳಿಗ್ಗೆ ಪಂಪು ಹಾಕಿ ನೀರೆತ್ತಿದರೂ ನೆಂದ ಮಣ್ಣು ಬೇಗ ಗಟ್ಟಿಯಾಗುವುದಿಲ್ಲ. ಗೋಡೆಯಲ್ಲಿ ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟ ಬಿರುಕು ಕಂಡರೆ ಬಹಳ ಸಲ ಅದರ ಮೂಲ ಅಡಿಯ ಮಣ್ಣಿನಲ್ಲೇ ಇರುತ್ತದೆ.

ಮೇಲಂತಸ್ತು ಏರಿಸುವಾಗ ಅಪಾಯ ತಲೆಯ ಮೇಲೆ ಬರುತ್ತದೆ. ಹಳೇ ತಾರಸಿಯ ಮೋಲ್ಡಿನ, ಅಂದರೆ ಕಾಂಕ್ರೀಟು ಸ್ಲ್ಯಾಬಿನ ಮೇಲೆ, ಮಳೆ ನೀರು ಹರಿದುಹೋಗಲಿ ಎಂದು ವಾಟ ಕೊಟ್ಟು ಹಾಕಿದ ಗಾರೆಯ ಪದರವೊಂದಿರುತ್ತದೆ. ಇಷ್ಟು ವರ್ಷ ಮನೆ ಸೋರದೆ ಇದ್ದದ್ದು ಬಹುಮಟ್ಟಿಗೆ ಆ ಪದರದಿಂದ. ಹೊಸ ಗೋಡೆ ಏಳಬೇಕಾದರೆ ಅದನ್ನು ಒಡೆದು ತೆಗೆಯಬೇಕು, ಪ್ಯಾರಪೆಟ್ ಕೆಡವಬೇಕು, ಕಂಬದ ಕಂಬಿಗಳ ಸುತ್ತ ಮುಚ್ಚಿದ್ದ ಕಾಂಕ್ರೀಟು ಕೆತ್ತಬೇಕು. ಈ ಹೊತ್ತಿನಿಂದ ಹೊಸ ಮೋಲ್ಡ್ ಬೀಳುವ ತನಕ, ಸುಮಾರು ಆರೇಳು ವಾರ, ನಿಮ್ಮ ಹಾಸಿಗೆಯ ಮೇಲಿರುವುದು ಬರೀ ಐದಾರು ಇಂಚಿನ ಹಳೇ ಕಾಂಕ್ರೀಟು. ಅಲ್ಲಲ್ಲಿ ಸುತ್ತಿಗೆ ಪೆಟ್ಟು ತಿಂದ ಕಾಂಕ್ರೀಟು. ಇದರ ಮೇಲೆ ಒಂದು ವಾರ ಜಡಿಮಳೆ ನಿಂತರೆ ಸೀಲಿಂಗಿನಲ್ಲಿ ಮೂಡುವ ಕಂದು ಕಲೆ ಎಷ್ಟು ಬಣ್ಣ ಬಳಿದರೂ ಮತ್ತೆ ಮತ್ತೆ ಇಣುಕುತ್ತದೆ. ನೀವು ಒಣ ದಿನಗಳಲ್ಲಿ ಕೂರಿಸಬೇಕಾದದ್ದು ಈ ಆರೇಳು ವಾರಗಳನ್ನು.

ಹಾಗಾದರೆ ಒಣ ದಿನ ಯಾವುವು? ಬೆಂಗಳೂರು, ಮೈಸೂರು, ತುಮಕೂರು, ಕೋಲಾರದ ಕಡೆಯವರಿಗೆ ಮೊದಲು ಹೇಳುತ್ತೇನೆ, ಯಾಕೆಂದರೆ ಇಲ್ಲೇ ಜನ ಹೆಚ್ಚು ಎಡವುವುದು. ಮಳೆಗಾಲ ಎಂದರೆ ಜೂನ್ ಎಂಬ ಭಾವನೆ ನಮ್ಮೆಲ್ಲರ ತಲೆಯಲ್ಲಿದೆ. ಕರಾವಳಿಗೆ, ಮಲೆನಾಡಿಗೆ ಅದು ನಿಜ. ಬೆಂಗಳೂರಿನಲ್ಲಿ ಜೂನ್, ಜುಲೈ ತಿಂಗಳುಗಳ ವಾಡಿಕೆ ಮಳೆ ತಲಾ 110-120 ಮಿಲಿಮೀಟರಿನ ಆಸುಪಾಸು, ಅದೂ ಬಹುಪಾಲು ತುಂತುರು. ಸೆಪ್ಟೆಂಬರಿನಲ್ಲಿ ಅದು 200 ದಾಟುತ್ತದೆ, ಅಕ್ಟೋಬರಿನಲ್ಲೂ 200ರ ಹತ್ತಿರವೇ ಇರುತ್ತದೆ. ನವೆಂಬರ್ ಬಂತು, ಇನ್ನು ಮಳೆಯಿಲ್ಲ ಎಂದುಕೊಂಡವರಿಗೆ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ ಪಾಠ ಕಲಿಸುತ್ತದೆ. 2021ರ ನವೆಂಬರಿನಲ್ಲಿ ಕೋಲಾರದ ಹೊಲಗಳಲ್ಲಿ ಕೊಯ್ಲಿಗೆ ಬಂದ ರಾಗಿ ನೆಂದುಹೋದದ್ದು ಇಂಥ ಮಳೆಗೇ. ಜನವರಿ, ಫೆಬ್ರವರಿ ಎರಡೂ ಸೇರಿದರೂ ಬೆಂಗಳೂರಿನ ವಾಡಿಕೆ ಮಳೆ 10 ಮಿಲಿಮೀಟರಿನಷ್ಟು. ಏಪ್ರಿಲ್ ನಡುವಿನಿಂದ ಮತ್ತೆ ಸಂಜೆಯ ಗುಡುಗು, ಆಲಿಕಲ್ಲು, ಬಿರುಗಾಳಿ. ಮೇ ತಿಂಗಳ ಮಳೆ ಜೂನಿಗಿಂತ ಹೆಚ್ಚು.

ಈ ಲೆಕ್ಕ ಸರಿಯಾಗಿ ಓದಿದವರಿಗೆ ಉತ್ತರ ಕಾಣುತ್ತದೆ. ದಕ್ಷಿಣ ಒಳನಾಡಿನಲ್ಲಿ ಮನೆ ತೆರೆದುಕೊಳ್ಳುವ ವಾರಗಳು ಡಿಸೆಂಬರ್ ನಡುವಿನಿಂದ ಫೆಬ್ರವರಿ ಮೊದಲ ವಾರದೊಳಗೆ ಬರಬೇಕು. ಮೋಲ್ಡ್ ಜನವರಿ ಕೊನೆಗೆ ಬಿದ್ದರೆ ಬಹಳ ಒಳ್ಳೆಯದು.

ಮಾರ್ಚ್, ಏಪ್ರಿಲಿನಲ್ಲೂ ಮಳೆ ಕಡಿಮೆಯೇ ಅಲ್ಲವೇ, ಆಗ ಮೋಲ್ಡ್ ಹಾಕಿದರೆ ಏನಾಯಿತು ಎಂದು ನೀವು ಕೇಳಬಹುದು. ಕಾಂಕ್ರೀಟಿನ ಸ್ವಭಾವ ತಿಳಿಯದೆ ಇದಕ್ಕೆ ಉತ್ತರ ಸಿಗದು. ಕಾಂಕ್ರೀಟು ಒಣಗಿ ಗಟ್ಟಿಯಾಗುವ ವಸ್ತುವಲ್ಲ. ಸಿಮೆಂಟು ನೀರಿನ ಜೊತೆ ಸೇರಿ ನಡೆಸುವ ರಾಸಾಯನಿಕ ಕ್ರಿಯೆಯಿಂದ ಅದು ಗಟ್ಟಿಯಾಗುತ್ತದೆ. ಆ ಕ್ರಿಯೆ ನಡೆಯುವಷ್ಟು ದಿನ ನೀರು ಒಳಗೇ ಇರಬೇಕು. ಅದಕ್ಕೇ ಮೋಲ್ಡಿನ ಮೇಲೆ ಗಾರೆಯ ಸಣ್ಣ ಬದು ಕಟ್ಟಿ ನೀರು ನಿಲ್ಲಿಸುವುದು. ಹೀಗೆ ತೇವ ಕಾಪಾಡುವುದೇ ಕ್ಯೂರಿಂಗ್. ಕಾಂಕ್ರೀಟು ಕೆಲಸದ ಭಾರತೀಯ ಮಾನಕವಾದ ಐಎಸ್ 456 ನಿಯಮದಂತೆ ಸಾಮಾನ್ಯ ಓಪಿಸಿ ಸಿಮೆಂಟಿನ ಕಾಂಕ್ರೀಟಿಗೆ ಕನಿಷ್ಠ 7 ದಿನ, ಹಾರುಬೂದಿ ಬೆರೆತ ಪಿಪಿಸಿಗೆ ಕನಿಷ್ಠ 10 ದಿನ ಕ್ಯೂರಿಂಗ್ ಆಗಬೇಕು. ಬಿಸಿಲು, ಒಣಹವೆ ಇದ್ದರೆ ಓಪಿಸಿಗೂ 10 ದಿನಕ್ಕೆ ಕಡಿಮೆಯಾಗಬಾರದು, ಪಿಪಿಸಿಗೆ 14 ದಿನ ಒಳ್ಳೆಯದು. ಈಗ ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ ಪಿಪಿಸಿಯೇ. ಚೀಲದ ಮೇಲೆ ಬರೆದಿರುತ್ತದೆ, ನೋಡಿಕೊಳ್ಳಿ.

12 ಅಡಿಗೆ 14 ಅಡಿಯ ಒಂದು ಕೋಣೆಯ ಮೋಲ್ಡಿನ ಮೇಲೆ ಎರಡು ಇಂಚು ನೀರು ನಿಲ್ಲಿಸಲು ಸುಮಾರು 800 ಲೀಟರ್ ಬೇಕು. ಆವಿಯಾದಷ್ಟು, ಸೋರಿದಷ್ಟು ದಿನವೂ ಮೇಲೆ ತುಂಬುತ್ತಿರಬೇಕು. ಅದಾದ ಮೇಲೆ ಗೋಡೆಗೆ, ಪ್ಲಾಸ್ಟರಿಂಗಿಗೆ ಬೆಳಿಗ್ಗೆ ಸಂಜೆ ಪೈಪು ಹಿಡಿಯಬೇಕು. ಜನವರಿಯಲ್ಲಿ ಬೋರ್‌ವೆಲ್ ಕೈಕೊಡುವುದು ಅಪರೂಪ. ಏಪ್ರಿಲಿನಲ್ಲಿ ಕುಡಿಯುವ ನೀರಿಗೇ ಟ್ಯಾಂಕರಿಗೆ ಫೋನು ಮಾಡಿ ಕಾಯುವ ಬೀದಿಗಳಲ್ಲಿ ಮೋಲ್ಡಿನ ಮೇಲೆ ನೀರು ನಿಲ್ಲಿಸುವ ಧೈರ್ಯ ಯಾರಿಗಿದೆ? 2024ರ ಮಾರ್ಚಿನಲ್ಲಿ ಬೆಂಗಳೂರು ಜಲಮಂಡಳಿ ಕಟ್ಟಡ ಕೆಲಸಕ್ಕೆ ಕುಡಿಯುವ ನೀರು ಬಳಸುವುದನ್ನೇ ನಿಷೇಧಿಸಿ, ತಪ್ಪಿದರೆ 5000 ರೂಪಾಯಿ ದಂಡ ಎಂದಿತು. ನೀರಿಲ್ಲವೆಂದು ಮೂರನೇ ದಿನಕ್ಕೇ ಕ್ಯೂರಿಂಗ್ ನಿಲ್ಲಿಸಿದ ಮೋಲ್ಡ್ ನೋಡಲು ಚೆನ್ನಾಗಿಯೇ ಇರುತ್ತದೆ. ಅದರ ಕೊರತೆ ಗೊತ್ತಾಗುವುದು ವರ್ಷಗಳ ಮೇಲೆ, ಕಂಬಿ ತುಕ್ಕು ಹಿಡಿದು ಕೆಳಗಿನ ಗಾರೆ ಉದುರತೊಡಗಿದಾಗ.

ಬೇಸಿಗೆಯ ಮಧ್ಯಾಹ್ನ ಮೋಲ್ಡ್ ಹಾಕುವಾಗ ಒಮ್ಮೆ ಹತ್ತಿರ ನಿಂತು ನೋಡಿ. ಕಾಂಕ್ರೀಟು ಸುರಿದು ಪಟ್ಟಿ ಎಳೆದ ಮೇಲೆ ಮೇಲ್ಮೈಯಲ್ಲಿ ತೆಳುವಾದ ನೀರಿನ ಹೊಳಪು ಬರುತ್ತದೆ. ತಂಪು ಹೊತ್ತಿನಲ್ಲಿ ಅದು ಬಹಳ ಹೊತ್ತು ಇರುತ್ತದೆ. ಬಿಸಿಲಿನ ಜೊತೆ ಒಣ ಗಾಳಿ ಬೀಸುತ್ತಿದ್ದರೆ ಕಣ್ಣೆದುರಿಗೇ ಹೊಳಪು ಆರಿ ಬೂದು ಬಣ್ಣ ತಿರುಗುತ್ತದೆ. ಒಳಗಿನ ನೀರು ಮೇಲೇರುವ ವೇಗಕ್ಕಿಂತ ಆವಿಯಾಗುವ ವೇಗ ಹೆಚ್ಚಾದಾಗ, ಇನ್ನೂ ಹಸಿಯಾಗಿರುವ ಕಾಂಕ್ರೀಟಿನ ಮೇಲ್ಪದರ ಕುಗ್ಗಿ ಕೂದಲೆಳೆಯ ಬಿರುಕುಗಳು ಮೂಡುತ್ತವೆ. ಅನುಭವಿ ಮೇಸ್ತ್ರಿ ಆಗಲೇ ಮರದ ಹಲಗೆಯಿಂದ ಮತ್ತೊಮ್ಮೆ ಉಜ್ಜಿ ಅವನ್ನು ಮುಚ್ಚುತ್ತಾನೆ, ಮೇಲೆ ಒದ್ದೆ ಗೋಣಿ ಹಾಸುತ್ತಾನೆ. ಸಂಜೆ ಬಂದು ನೋಡೋಣ ಎಂದುಕೊಂಡರೆ ಆ ಬಿರುಕು ಹಾಗೇ ಗಟ್ಟಿಯಾಗುತ್ತದೆ, ಮುಂದೆ ಮಳೆನೀರಿಗೆ ದಾರಿಯಾಗುತ್ತದೆ. ಕಲಬುರಗಿ, ರಾಯಚೂರಿನಲ್ಲಿ ಏಪ್ರಿಲ್-ಮೇ ತಿಂಗಳ ಉರಿಯಲ್ಲಿ ಈ ತೊಂದರೆ ಇನ್ನೂ ಹೆಚ್ಚು. 40 ಡಿಗ್ರಿ ಮೀರಿದ ಹವೆಯಲ್ಲಿ ಹಾಕುವ ಕಾಂಕ್ರೀಟಿಗೆಂದೇ ಐಎಸ್ 7861 ಎಂಬ ಬೇರೆ ನಿಯಮವೇ ಇದೆ. ಅಲ್ಲಿನವರು ಅನಿವಾರ್ಯವಾಗಿ ಬೇಸಿಗೆಯಲ್ಲಿ ಸ್ಲ್ಯಾಬ್ ಹಾಕಿಸುವುದಾದರೆ ನಸುಕಿಗೇ ಶುರು ಮಾಡಿಸಿ ಬಿಸಿಲೇರುವುದರೊಳಗೆ ಮುಗಿಸಲಿ. ಜಲ್ಲಿಯ ರಾಶಿಗೆ ಹಿಂದಿನ ರಾತ್ರಿ ನೀರು ಚಿಮುಕಿಸಿ ನೆರಳು ಮಾಡಲಿ.

ಚಳಿಗಾಲಕ್ಕೂ ಒಂದು ಎಚ್ಚರಿಕೆಯ ಮಾತಿದೆ. ಮೋಲ್ಡಿನ ಕೆಳಗಿನ ಆಸರೆ ಕಂಬಗಳನ್ನು 4.5 ಮೀಟರಿನೊಳಗಿನ ಹರವಿಗೆ 7 ದಿನ, ಅದಕ್ಕಿಂತ ಹೆಚ್ಚಿನದಕ್ಕೆ 14 ದಿನ ಬಿಡಬೇಕೆಂದು ಐಎಸ್ 456 ಹೇಳುತ್ತದೆ. ಆದರೆ ಅದು ಓಪಿಸಿ ಸಿಮೆಂಟಿಗೆ, ಹವೆ 15 ಡಿಗ್ರಿಗಿಂತ ಕೆಳಗಿಳಿಯದ ಕಡೆಗೆ ಹೇಳಿದ ಲೆಕ್ಕ. ಬೀದರಿನಲ್ಲಿ ಡಿಸೆಂಬರ್-ಜನವರಿಯ ಅನೇಕ ರಾತ್ರಿಗಳು ಅದಕ್ಕಿಂತ ತಣ್ಣಗಿರುತ್ತವೆ. ಮೈಸೂರು, ಚಿಕ್ಕಬಳ್ಳಾಪುರದ ಹಳ್ಳಿಗಳಲ್ಲೂ ಎಷ್ಟೋ ರಾತ್ರಿ ಹಾಗೇ. ಚಳಿಯಲ್ಲಿ ಕಾಂಕ್ರೀಟು ನಿಧಾನವಾಗಿ ಬಲಿಯುತ್ತದೆ, ಪಿಪಿಸಿ ಆದರಂತೂ ಇನ್ನೂ ನಿಧಾನ. ಈ ಆಸರೆಯನ್ನೂ ಮೇಲಿನ ಶೀಟುಗಳನ್ನೂ ಕಟ್ಟುವ ಸೆಂಟ್ರಿಂಗಿನವನು ಬಾಡಿಗೆ ಉಳಿಸಿಕೊಳ್ಳಲು ಅವಸರ ಮಾಡುತ್ತಾನೆ, ಮುಂದಿನ ಸೈಟಿಗೆ ಅವನಿಗೆ ಆ ಶೀಟುಗಳೇ ಬೇಕು. ಒಂದು ವಾರದ ಬಾಡಿಗೆ ಹೆಚ್ಚು ಕೊಟ್ಟಾದರೂ ಜನವರಿಯ ಮೋಲ್ಡಿಗೆ ಕನಿಷ್ಠ ಎರಡು ವಾರ ಆಸರೆ ಬಿಡಿಸಿ. ಈ ವಿಷಯದಲ್ಲಿ ಮುಲಾಜು ಬೇಡ.

ಇನ್ನು ಹಿಂದಕ್ಕೆ ಎಣಿಸೋಣ. ಮೈಸೂರಿನಲ್ಲಿ ಮನೆಯ ಪಕ್ಕದ ಖಾಲಿ ಜಾಗದಲ್ಲಿ ಒಂದು ಕೋಣೆ, ಅದಕ್ಕೊಂದು ಬಚ್ಚಲುಮನೆ ಸೇರಿಸಬೇಕು ಎಂದಿಟ್ಟುಕೊಳ್ಳಿ. ಮೋಲ್ಡ್ ಜನವರಿ ಕೊನೆಯ ವಾರ. ಸೆಂಟ್ರಿಂಗಿಗೂ ಕಂಬಿ ಕಟ್ಟಲೂ ಅದರ ಹಿಂದಿನ ಒಂದು ವಾರ ಬೇಕು. ಸಂಕ್ರಾಂತಿಗೆ ಕೆಲಸದವರು ಊರಿಗೆ ಹೋಗಿಬರುತ್ತಾರೆ, ಆ ನಾಲ್ಕೈದು ದಿನ ಲೆಕ್ಕದಿಂದ ಬಿಟ್ಟುಬಿಡಿ. ಗೋಡೆ ಏಳಲು ಮೂರು ವಾರ. ಪಾಯ, ಪ್ಲಿಂತ್, ಮಣ್ಣು ತುಂಬಿ ಕುಟ್ಟುವುದು, ಇವಕ್ಕೆ ಮೂರು ವಾರ. ಹೀಗೆ ಹಿಂದೆ ಬಂದರೆ ಗುದ್ದಲಿ ಪೂಜೆ ನವೆಂಬರ್ ಕೊನೆಗೆ ಬರುತ್ತದೆ. ಮುಂದಕ್ಕೆ ಎಣಿಸಿದರೆ ಫೆಬ್ರವರಿ ನಡುವಿಗೆ ಸೆಂಟ್ರಿಂಗ್ ಬಿಚ್ಚುತ್ತಾರೆ. ಅಲ್ಲಿಂದ ಕರೆಂಟಿನ ಪೈಪು, ನೀರಿನ ಪೈಪು, ಒಳಗೂ ಹೊರಗೂ ಪ್ಲಾಸ್ಟರಿಂಗ್. ಮಾರ್ಚಿನಲ್ಲಿ ನೆಲದ ಟೈಲ್ಸ್, ಬಾಗಿಲು, ಕಿಟಕಿ. ಏಪ್ರಿಲಿನಲ್ಲಿ ಬಣ್ಣ.

ಹಳೇ ಮನೆಗೂ ಹೊಸ ಕೋಣೆಗೂ ನಡುವಿನ ಗೋಡೆ ಒಡೆದು ಬಾಗಿಲು ಬಿಡಿಸುವ ಕೆಲಸವನ್ನು ಕೊನೆಗೆ ಇಟ್ಟುಕೊಳ್ಳಿ. ಅಲ್ಲಿಯವರೆಗೆ ಧೂಳು, ಸದ್ದು, ಕೆಲಸದವರ ಓಡಾಟ ಎಲ್ಲ ಗೋಡೆಯ ಆಚೆಗೇ ಇರುತ್ತದೆ. ಎಸ್ಸೆಸ್ಸೆಲ್ಸಿ, ಪಿಯುಸಿ ಓದುವ ಮಕ್ಕಳಿದ್ದರೆ ಮಾರ್ಚಿನ ದಿನಗಳು ಅವರದ್ದು. ಕಟ್ಟಿಂಗ್ ಮೆಷಿನ್ನಿನ ಕೆಲಸವನ್ನು ಪರೀಕ್ಷೆ ಮುಗಿಯುವ ತನಕ ತಡೆಹಿಡಿಯಲು ಮೇಸ್ತ್ರಿಗೆ ಮೊದಲೇ ಹೇಳಿಡಿ. ಏಪ್ರಿಲ್ ರಜೆಗೆ ಮಕ್ಕಳು ಅಜ್ಜಿ ಮನೆಗೆ ಹೋದಾಗ ಗೋಡೆ ಒಡೆಸಿದರೆ ಮನೆಯಲ್ಲಿ ಎಲ್ಲರಿಗೂ ನೆಮ್ಮದಿ. ಅಷ್ಟು ಹೊತ್ತಿಗೆ ತಲೆಯ ಮೇಲೆ ಹೊಸ ಮೋಲ್ಡ್ ಬಂದಿರುವುದರಿಂದ ಸಂಜೆಯ ಗುಡುಗು ಮಳೆಗೂ ಹೆದರಬೇಕಿಲ್ಲ.

ಪಂಚಾಂಗದ ಮಾತು ಬಂದೇ ಬರುತ್ತದೆ. ನಮ್ಮಲ್ಲಿ ಬಹಳ ಜನ ಆಷಾಢದಲ್ಲಿ ಹೊಸ ಕೆಲಸಕ್ಕೆ ಕೈ ಹಾಕುವುದಿಲ್ಲ, ಡಿಸೆಂಬರ್ ನಡುವಿನಿಂದ ಸಂಕ್ರಾಂತಿಯವರೆಗಿನ ಧನುರ್ಮಾಸದಲ್ಲೂ ಶುಭಕಾರ್ಯ ಶುರು ಮಾಡುವುದಿಲ್ಲ. ನಾನು ಮೇಲೆ ಹೇಳಿದ ಲೆಕ್ಕಕ್ಕೂ ಈ ನಂಬಿಕೆಗೂ ಜಗಳವಿಲ್ಲ. ಕಾರ್ತಿಕದಲ್ಲೋ ಮಾರ್ಗಶಿರದ ಮೊದಲಲ್ಲೋ ಗುದ್ದಲಿ ಪೂಜೆ ಆಗಿಬಿಟ್ಟರೆ ಧನುರ್ಮಾಸದಲ್ಲಿ ನಡೆಯುವುದು ಶುರುವಾದ ಕೆಲಸದ ಮುಂದುವರಿಕೆ ಅಷ್ಟೇ. ತೊಂದರೆ ಆಗುವುದು ಸಂಕ್ರಾಂತಿ ಕಳೆಯಲಿ ಎಂದು ಕಾದು, ಆಮೇಲೆ ಒಳ್ಳೆಯ ದಿನ ಹುಡುಕುತ್ತ ಫೆಬ್ರವರಿಗೆ ಪಾಯ ತೆಗೆಯುವವರಿಗೆ. ಅವರ ಮೋಲ್ಡ್ ಬಿರುಬಿಸಿಲಿಗೂ ನೀರಿನ ಬರಕ್ಕೂ ಸಿಕ್ಕುತ್ತದೆ, ಹೊರಗಿನ ಪ್ಲಾಸ್ಟರಿಂಗ್ ಮೇ ತಿಂಗಳ ಮಳೆಗೆ ಸಿಕ್ಕುತ್ತದೆ.

ಕೆಲಸದವರಿಗೂ ಅವರದೇ ಕ್ಯಾಲೆಂಡರ್ ಇದೆ ಎಂಬುದನ್ನು ಮನೆ ಕಟ್ಟಿಸುವವರು ಮರೆಯಬಾರದು. ಬೆಂಗಳೂರಿಗೆ ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಬರುವ ಗಾರೆ ಕೆಲಸದವರಲ್ಲಿ ಎಷ್ಟೋ ಮಂದಿಗೆ ಊರಲ್ಲಿ ತುಂಡು ಹೊಲವಿರುತ್ತದೆ. ಮುಂಗಾರು ಬಿತ್ತನೆಗೆ ಹೋಗುತ್ತಾರೆ, ಯುಗಾದಿಗೆ ಹೋಗುತ್ತಾರೆ, ಊರ ಜಾತ್ರೆಗೆ ಹೋಗುತ್ತಾರೆ. ಒಡಿಶಾ, ಬಿಹಾರ, ಬಂಗಾಳದಿಂದ ಬಂದವರು ದುರ್ಗಾ ಪೂಜೆಗೋ ಛಟ್‌ಗೋ ಹೋಳಿಗೋ ಹೊರಡುತ್ತಾರೆ. ದೂರದ ಪ್ರಯಾಣ, ಹೋದರೆ ಹದಿನೈದು ದಿನ. ಅದು ಅವರ ಹಕ್ಕು, ಅದಕ್ಕೆ ಬೇಸರ ಪಡುವಂತಿಲ್ಲ. ಮೋಲ್ಡ್ ಹಾಕುವ ವಾರ ನಿಮ್ಮ ತಂಡ ಊರಲ್ಲಿರುತ್ತದೆಯೇ ಎಂದು ಎರಡು ತಿಂಗಳು ಮೊದಲೇ ಕೇಳಿ ತಿಳಿದುಕೊಂಡರೆ ಇಬ್ಬರಿಗೂ ಕ್ಷೇಮ.

ಈಗ ಕರಾವಳಿಗೆ ಬರೋಣ. ವರ್ಷಕ್ಕೆ 3500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ, ಜುಲೈ ಒಂದರಲ್ಲೇ ಸಾವಿರ ಮಿಲಿಮೀಟರ್ ಕಾಣುವ ಮಂಗಳೂರು-ಉಡುಪಿಯಲ್ಲಿ ಕಾಲದ ಆಯ್ಕೆ ಸುಲಭ, ತಪ್ಪಿದರೆ ಶಿಕ್ಷೆ ಮಾತ್ರ ಘೋರ. ದೀಪಾವಳಿ ಕಳೆದ ಕೂಡಲೇ ಶುರು ಮಾಡಬೇಕು, ಮಾರ್ಚಿನೊಳಗೆ ಸ್ಲ್ಯಾಬ್ ಆಗಬೇಕು, ಏಪ್ರಿಲ್ ಕೊನೆಗೆ ಹೊರಗೋಡೆಯ ಪ್ಲಾಸ್ಟರಿಂಗೂ ನೀರು ಸೋರದ ಲೇಪವೂ ಮುಗಿದಿರಬೇಕು. ಸಾಮಗ್ರಿಯೂ ಇದನ್ನೇ ಹೇಳುತ್ತದೆ. ಮಳೆಗಾಲದಲ್ಲಿ ಮುರಕಲ್ಲಿನ ಕೋರೆಗಳಲ್ಲಿ ನೀರು ನಿಲ್ಲುತ್ತದೆ, ಹೊಳೆಯ ಮರಳು ತೆಗೆಯಲು ಅನುಮತಿ ಇರುವುದಿಲ್ಲ. ಹೊಸದಾಗಿ ಕಡಿದ ಮುರಕಲ್ಲು ಮೆತ್ತಗಿರುತ್ತದೆ, ಗಾಳಿ ಬಿಸಿಲಿಗೆ ಬಿದ್ದಷ್ಟೂ ಗಟ್ಟಿಯಾಗುತ್ತದೆ. ನವೆಂಬರಿನಲ್ಲಿ ಕಲ್ಲು ಇಳಿಸಿ ಕೆಲವು ವಾರ ಅಂಗಳದಲ್ಲಿ ಬಿಡುವವರು ತಿಳಿದವರು. ತುಳುನಾಡಿನಲ್ಲಿ ಮೇ 24ರ ಸುಮಾರಿಗೆ ಬರುವ ಪತ್ತನಾಜೆಗೆ ಕೋಲ, ಯಕ್ಷಗಾನ ಮೇಳಗಳ ತಿರುಗಾಟ ನಿಲ್ಲುತ್ತದೆ. ಬಯಲಿನ ಕೆಲಸಕ್ಕೆ ಹಿರಿಯರು ಎಳೆದ ಆ ಗೆರೆಯನ್ನು ಮನೆ ಕೆಲಸಕ್ಕೂ ಇಟ್ಟುಕೊಳ್ಳಿ, ಅದಕ್ಕೂ ಹತ್ತು ದಿನ ಮೊದಲೇ ಮುಗಿಸುವ ಹಾಗೆ ನೋಡಿಕೊಳ್ಳಿ. 2021ರ ಮೇ ನಡುವಿನಲ್ಲೇ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯನ್ನು ಸವರಿಕೊಂಡು ಹೋಯಿತು. 2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳ ತಲುಪಿತು, ವಾಡಿಕೆಗಿಂತ ಒಂದು ವಾರ ಮೊದಲು.

ಮಲೆನಾಡಿನ ಹೆಂಚಿನ ಮನೆಗೂ ಇದೇ ಲೆಕ್ಕ. ಸೂರು ಬಿಚ್ಚಿ, ಪಕಾಸು ಉದ್ದ ಮಾಡಿ, ಹೊಸ ಕೋಣೆಗೆ ಮಾಡು ಇಳಿಸುವ ಕೆಲಸ ರೋಹಿಣಿ ಮಳೆಗೆ ಮುಂಚೆಯೇ ಮುಗಿದು ಹೆಂಚು ಕೂತಿರಬೇಕು.

ಉತ್ತರದ ಎರೆ ಭೂಮಿಯಲ್ಲಿ ಮಳೆಯ ಪ್ರಮಾಣ ಕಡಿಮೆ. ವಿಜಯಪುರದಲ್ಲಿ ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು. ಅಲ್ಲಿ ಕಾಲವನ್ನು ನಿರ್ಧರಿಸುವುದು ಆಕಾಶಕ್ಕಿಂತ ಹೆಚ್ಚಾಗಿ ಮಣ್ಣು. ಎರೆ ಮಣ್ಣು ನೆಂದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಮೇ ತಿಂಗಳಲ್ಲಿ ಹೊಲದ ಬಿರುಕಿನಲ್ಲಿ ಕೈ ಇಳಿಯುತ್ತದೆ. ಹಾಗೆ ಪೂರ್ತಿ ಕುಗ್ಗಿದ ಮಣ್ಣಿನ ಮೇಲೆ ಪಾಯ ಹಾಕಿದರೆ ಮಳೆ ಬಿದ್ದಾಗ ಅದು ಹೊಸ ಕೋಣೆಯನ್ನು ಮೇಲಕ್ಕೆ ಒತ್ತುತ್ತದೆ. ಹಳೇ ಮನೆ ತನ್ನ ಜಾಗದಲ್ಲೇ ಇರುತ್ತದೆ. ಎರಡೂ ಸೇರುವ ಗೆರೆಯಲ್ಲಿ ಗೋಡೆ ಸೀಳುತ್ತದೆ. ಮಳೆಗಾಲದಲ್ಲಿ ಅಗೆಯಲು ಹೋದರೆ ಮಣ್ಣು ಗುದ್ದಲಿ ಬಿಡುವುದಿಲ್ಲ. ಹಿಂಗಾರು ಮುಗಿದು ಮಣ್ಣು ತೀರ ಹಸಿಯೂ ಅಲ್ಲ, ತೀರ ಒಣಗಿಯೂ ಇಲ್ಲ ಎನ್ನುವ ಡಿಸೆಂಬರ್, ಜನವರಿ ಅಲ್ಲಿ ಪಾಯಕ್ಕೆ ಸರಿಯಾದ ಕಾಲ. ಕಾಲ ಸರಿಯಾಗಿದ್ದರೂ ಅಷ್ಟರಿಂದಲೇ ಮುಗಿಯಿತು ಎನ್ನುವಂತಿಲ್ಲ. ಪಾಯದ ಗುಂಡಿಯ ಎರೆ ಮಣ್ಣು ತೆಗೆದು ಗರಸು ತುಂಬಿ ಕುಟ್ಟಿಸಬೇಕೋ, ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಇಂಥ ಮಣ್ಣಿಗೆಂದು ಬೆಳೆಸಿದ, ಬುಡ ಅಗಲಿಸಿದ ಪೈಲು ಹಾಕಿಸಬೇಕೋ ಎಂಬುದನ್ನು ಮಣ್ಣು ನೋಡಿದ ಎಂಜಿನಿಯರ್ ಹೇಳಬೇಕು.

ಹಳೆಯದೂ ಹೊಸದೂ ಸೇರುವ ಆ ಗೆರೆಯ ಬಗ್ಗೆ ಇನ್ನೂ ಎರಡು ಮಾತು, ಯಾಕೆಂದರೆ ಸೇರಿಸಿ ಕಟ್ಟಿದ ಮನೆಗಳು ಸೋರುವುದು ಹೆಚ್ಚಾಗಿ ಅಲ್ಲೇ. ನಿಮ್ಮ ಹಳೇ ಮನೆ ತನ್ನ ಭಾರಕ್ಕೆ ಎಷ್ಟು ಕೂರಬೇಕೋ ಅಷ್ಟು ಎಂದೋ ಕೂತಾಗಿದೆ. ಹೊಸ ಕೋಣೆ ಈಗಷ್ಟೇ ಕೂರಲು ಶುರುಮಾಡುತ್ತದೆ. ಒಂದು ಮಳೆಗಾಲ, ಒಂದು ಬೇಸಿಗೆ ಕಳೆಯುವಾಗ ನಡುವೆ ಕೂದಲೆಳೆಯಷ್ಟಾದರೂ ಸಂದು ಬಿಡುತ್ತದೆ. ಅದಕ್ಕಾಗಿ ಎಷ್ಟೋ ಎಂಜಿನಿಯರುಗಳು ಹೊಸ ಕೋಣೆಗೆ ಬೇರೆಯೇ ಪಾಯ, ಬೇರೆಯೇ ಕಂಬ ಕೊಟ್ಟು, ನಡುವೆ ತಾವೇ ಒಂದು ಸಣ್ಣ ಸಂದು ಬಿಡಿಸಿ, ಅದನ್ನು ಹಿಗ್ಗಿ ಕುಗ್ಗುವ ಸೀಲೆಂಟಿನಿಂದ ತುಂಬಿಸಿ ಮೇಲೆ ಮುಚ್ಚಿಗೆ ಮಾಡಿಸುತ್ತಾರೆ. ಈ ಸೀಲೆಂಟು ಒಣ ಮೇಲ್ಮೈಗೆ ಮಾತ್ರ ಹಿಡಿಯುತ್ತದೆ. ಅಂಗೈ ಇಟ್ಟರೆ ತಣ್ಣಗೆನಿಸುವ ಗೋಡೆಗೆ ಹಚ್ಚಿದರೆ ಮೊದಲ ಬಿಸಿಲಿಗೇ ಅಂಚು ಏಳುತ್ತದೆ. ಫೆಬ್ರವರಿಯಿಂದ ಏಪ್ರಿಲ್ ಇದಕ್ಕೆ ಹೇಳಿ ಮಾಡಿಸಿದ ಕಾಲ.

ಬಣ್ಣಕ್ಕೂ ಮರಕ್ಕೂ ಇದೇ ತಿಂಗಳುಗಳು ಒಳ್ಳೆಯವು. ಹೊಸ ಪ್ಲಾಸ್ಟರಿಂಗ್ ಕ್ಯೂರಿಂಗ್ ಮುಗಿಸಿ ಒಣಗಲು ಒಂದು ತಿಂಗಳಾದರೂ ಬೇಕು. ಹಸಿ ಗೋಡೆಗೆ ಪುಟ್ಟಿ ಬಳಿದರೆ ಹಪ್ಪಳದ ಹಾಗೆ ಏಳುತ್ತದೆ, ಇಲ್ಲವೇ ಬಿಳೀ ಉಪ್ಪು ಹೊರಗೆ ಬರುತ್ತದೆ. ಮರದ ಬಾಗಿಲು ಆಗಸ್ಟಿನಲ್ಲಿ ಉಬ್ಬಿಕೊಂಡಿರುತ್ತದೆ. ಆಗ ಬಿಗಿ ಎಂದು ಉಜ್ಜಿ ಕೂರಿಸಿದರೆ ಮಾರ್ಚಿಗೆ ಸಂದಿನಲ್ಲಿ ಬೆಳಕು ಕಾಣುತ್ತದೆ. ಏಪ್ರಿಲಿನಲ್ಲಿ ಕೂರಿಸುವುದಾದರೆ ಮಳೆಗಾಲದಲ್ಲಿ ಉಬ್ಬಲು ಸ್ವಲ್ಪ ಜಾಗ ಬಿಡಿಸಿ.

ಹಾಗಾದರೆ ಮಳೆಗಾಲದ ತಿಂಗಳುಗಳಲ್ಲಿ ನೀವು ಸುಮ್ಮನೆ ಕೂರಬೇಕೇ? ಖಂಡಿತ ಬೇಡ. ಮನೆಗೆ ಸೇರಿಸಿ ಕಟ್ಟುವವರಿಗೆ ಹಿಂದಿನ ಮಳೆಗಾಲ ನೋಡುವ ಕಾಲ. ಒಂದು ನೋಟುಪುಸ್ತಕ ಇಟ್ಟುಕೊಳ್ಳಿ. ಜೋರು ಮಳೆ ಬಂದಾಗ ಛತ್ರಿ ಹಿಡಿದು ಮನೆ ಸುತ್ತ ಒಂದು ಸುತ್ತು ಬನ್ನಿ. ಎರಚಲು ಯಾವ ದಿಕ್ಕಿನಿಂದ ಹೊಡೆಯುತ್ತದೆ, ಯಾವ ಗೋಡೆ ಎಲ್ಲಿಯವರೆಗೆ ತೊಯ್ಯುತ್ತದೆ, ತಾರಸಿಯ ನೀರು ಯಾವ ಮೂಲೆಯಲ್ಲಿ ನಿಲ್ಲುತ್ತದೆ, ಹೊಸ ಕೋಣೆ ಬರಬೇಕಾದ ಜಾಗದಲ್ಲಿ ಮಳೆ ನಿಂತು ಎಷ್ಟು ಹೊತ್ತಿಗೆ ನೀರು ಇಂಗುತ್ತದೆ, ಎಲ್ಲವನ್ನೂ ಬರೆದಿಡಿ, ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ಹೊಸ ಕೋಣೆಯ ಕಿಟಕಿ ಯಾವ ಕಡೆಗಿರಬೇಕು, ಸಜ್ಜಾ ಎಷ್ಟು ಅಗಲ ಇರಬೇಕು, ಪ್ಲಿಂತ್ ಎಷ್ಟು ಎತ್ತರ ಏಳಬೇಕು ಎಂಬುದನ್ನು ಆ ಟಿಪ್ಪಣಿಯೇ ಹೇಳುತ್ತದೆ. ಬಿಸಿಲಿನಲ್ಲಿ ಬಂದು ಜಾಗ ನೋಡಿ ಹೋಗುವ ಎಂಜಿನಿಯರಿಗೆ ಇದು ತಿಳಿಯುವ ಬೇರೆ ದಾರಿಯಿಲ್ಲ. ಮಂಜೂರಾತಿಯ ಕಾಗದಪತ್ರ, ಸಾಲದ ಅರ್ಜಿ, ಹಳೇ ಪಾಯ ಮೇಲಂತಸ್ತಿನ ಭಾರ ಹೊರುತ್ತದೆಯೇ ಎಂಬ ಪರೀಕ್ಷೆ, ಇವೆಲ್ಲ ಸೆಪ್ಟೆಂಬರಿನೊಳಗೆ ಮುಗಿದಿರಲಿ.

ಕಾಯಲಾಗದವರೂ ಇರುತ್ತಾರೆ. ಮನೆಯ ಹಿರಿಯರಿಗೆ ಮೆಟ್ಟಿಲು ಹತ್ತಲಾಗದೆ ಕೆಳಗೊಂದು ಕೋಣೆ ತುರ್ತಾಗಿ ಬೇಕಾಗಬಹುದು. ದಕ್ಷಿಣ ಒಳನಾಡಿನವರಾದರೆ ಜೂನ್, ಜುಲೈನಲ್ಲಿ ಕೆಲಸ ನಡೆಸಬಹುದು ಎಂದೇ ನನ್ನ ಅಭಿಪ್ರಾಯ. ತುಂತುರು ಮಳೆ, ಮೋಡದ ನೆರಳು ಕ್ಯೂರಿಂಗಿಗೆ ಅನುಕೂಲವೇ. ಸೆಪ್ಟೆಂಬರ್, ಅಕ್ಟೋಬರಿಗೆ ಮೋಲ್ಡ್ ಹಾಕಲು ಮಾತ್ರ ಒಪ್ಪಬೇಡಿ. ಮಳೆಗಾಲದ ಕೆಲಸದಲ್ಲಿ ಕಣ್ಣಿಡಬೇಕಾದದ್ದು ಮರಳಿನ ಮೇಲೆ. ಎಂ-ಸ್ಯಾಂಡ್ ಆಗಲಿ ಹೊಳೆಯ ಮರಳಾಗಲಿ, ಸ್ವಲ್ಪ ತೇವ ಹಿಡಿದರೆ ಶೇ. 20ರಿಂದ 30ರಷ್ಟು ಉಬ್ಬುತ್ತದೆ. ಬಾಕ್ಸಿನಲ್ಲಿ ಅಳೆದು ಹಾಕುವ ಮೇಸ್ತ್ರಿಗೆ ಬಾಕ್ಸ್ ತುಂಬಿದ ಹಾಗೆ ಕಂಡರೂ ಒಳಗೆ ಮರಳು ಕಡಿಮೆ ಇರುತ್ತದೆ. ಪೂರ್ತಿ ನೆಂದ ಮರಳಾದರೆ ತನ್ನ ಜೊತೆ ನೀರನ್ನೇ ಹೊತ್ತು ತರುತ್ತದೆ. ಒಂದು ಚೀಲ ಸಿಮೆಂಟಿಗೆ ಹೆಚ್ಚುಕಡಿಮೆ 25 ಲೀಟರ್ ನೀರು ಎಂಬ ಲೆಕ್ಕದಲ್ಲಿ ಮರಳಿನ ನೀರನ್ನು ಕಳೆಯದಿದ್ದರೆ ಕಾಂಕ್ರೀಟು ತೆಳುವಾಗಿ ಬಲ ಕುಂದುತ್ತದೆ. ಒಂದು ಹಿಡಿ ಮರಳು ಹಿಂಡಿ ನೋಡಿ. ಅಂಗೈಯಲ್ಲಿ ನೀರು ಹೊಳೆದರೆ ಮಿಕ್ಸರಿಗೆ ಹಾಕುವ ನೀರು ಕಡಿಮೆ ಮಾಡಲು ಹೇಳಿ. ಸಿಮೆಂಟನ್ನು ಒಂದೇ ಸಲ ತಂದು ಒಟ್ಟಬೇಡಿ, ತೇವದ ಗಾಳಿಗೆ ಗಂಟು ಕಟ್ಟುತ್ತದೆ. ಮೂರು ತಿಂಗಳು ದಾಟಿದ ಚೀಲವನ್ನು ಮೋಲ್ಡಿಗೆ ಬಳಸಲೇಬೇಡಿ.

ಮೋಲ್ಡಿನ ದಿನ ಎಷ್ಟೇ ಎಚ್ಚರ ವಹಿಸಿದರೂ ಮಳೆ ಬರಬಹುದು. ಬೆಳಿಗ್ಗೆಯೇ ಇಡೀ ಮೋಲ್ಡ್ ಮುಚ್ಚುವಷ್ಟು ಟಾರ್ಪಾಲು ತಂದಿಡಿ. ಹನಿಯಷ್ಟೇ ಆದರೆ ಮುಚ್ಚಿ ಕಾಯಿರಿ. ಸುರಿಮಳೆಯಾಗಿ ಸಿಮೆಂಟಿನ ಹಾಲು ತೊಳೆದು ಜಲ್ಲಿ ಕಾಣತೊಡಗಿದರೆ ಕೆಲಸ ನಿಲ್ಲಿಸಬೇಕು. ಎಲ್ಲಿ ನಿಲ್ಲಿಸಬಹುದು ಎಂದು ಎಂಜಿನಿಯರಿಂದ ಮೊದಲೇ ಗುರುತು ಹಾಕಿಸಿಕೊಂಡಿರಿ. ಮಳೆಯಲ್ಲೇ ಮೇಲೆ ಒಣ ಸಿಮೆಂಟು ಚೆಲ್ಲಿ ಉಜ್ಜುವುದಕ್ಕೆ ಬಿಡಬೇಡಿ, ಆ ಪದರ ಮುಂದೆ ಕಳಚಿಕೊಳ್ಳುತ್ತದೆ.

ಮೇಸ್ತ್ರಿಯ ಜೊತೆ ಕರಾರು ಬರೆಯುವಾಗ ಈ ತಿಂಗಳುಗಳನ್ನೆಲ್ಲ ಅದರಲ್ಲಿ ಸೇರಿಸಿ. ಪಾಯ ಯಾವ ವಾರ, ಮೋಲ್ಡ್ ಯಾವ ವಾರ, ಆಸರೆ ಎಷ್ಟು ದಿನ, ಕ್ಯೂರಿಂಗಿಗೆ ನೀರು ಹಾಕುವವರು ಯಾರು ಎಂದು ಬರೆದಿರಲಿ. ಹಣವನ್ನು ಕಂತುಗಳಲ್ಲಿ ಕೊಡುವಾಗ ಕೊನೆಯ ಸಣ್ಣ ಕಂತೊಂದನ್ನು ಹೊಸ ಕೋಣೆ ಮೊದಲ ಜೋರು ಮಳೆ ಕಂಡ ಮೇಲೆ ಕೊಡುವುದೆಂದು ಮೊದಲೇ ಮಾತಾಡಿಕೊಳ್ಳಿ. ಏಪ್ರಿಲಿಗೆ ಕೆಲಸ ಮುಗಿಸಿದವರಿಗೆ ಆ ಮಳೆಗೆ ಬಹಳ ಕಾಯಬೇಕಾಗುವುದಿಲ್ಲ. ಮಳೆ ನಿಂತ ಮೇಲೆ ಮೇಸ್ತ್ರಿಯನ್ನು ಕರೆದು, ಇಬ್ಬರೂ ಸೇರಿ ಹಳೇ ಗೋಡೆಯೂ ಹೊಸ ಮೋಲ್ಡೂ ಕೂಡುವ ಗೆರೆಯುದ್ದಕ್ಕೂ ಕೈಯಾಡಿಸಿ ನೋಡಿ. ಒಣಗಿದ್ದರೆ ಅವನ ಹಣ ಅಂದೇ ಕೊಟ್ಟುಬಿಡಿ.